ಗಾಲ್ವೇ ಹೂಕರ್: ಮುಕ್ಕಾಲು ಮರ ಹೊಸದಾದರೆ ಅದನ್ನು ದುರಸ್ತಿ ಅನ್ನಬಹುದಾ?

ಗಾಲ್ವೇಕನ್ನಡಿಗ
ಎಲ್ಲರಿಗೂ ನಮಸ್ಕಾರ. ನಾನಿರುವುದು ಐರ್ಲೆಂಡಿನ ಪಶ್ಚಿಮ ಕರಾವಳಿಯ ಗಾಲ್ವೇಯಲ್ಲಿ. ಶನಿವಾರ ಬಿಡುವಾದಾಗ ಇಲ್ಲಿನ ಒಂದು ಸಣ್ಣ ದೋಣಿ ಗುಂಪಿನ ಜೊತೆ ಮರಗೆಲಸಕ್ಕೆ ಹೋಗುತ್ತೇನೆ. ಈಗ ನಮ್ಮ ಗುಂಪಿಗೆ ಒಂದು ಹಳೇ ಗಾಲ್ವೇ ಹೂಕರ್ ಸಿಕ್ಕಿದೆ. ಅದನ್ನು ಏನು ಮಾಡಬೇಕು ಅಂತ ಜೋರು ವಾದ ನಡೆದಿದೆ. ನಿಮ್ಮ ಅಭಿಪ್ರಾಯ ಬೇಕು.

ಹೂಕರ್ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಇದು ಗಾಲ್ವೇ ಕೊಲ್ಲಿಯ ಮರದ ಹಾಯಿದೋಣಿ. ಡಾಂಬರು ಬಳಿದ ಕಪ್ಪು ಮೈ, ಕೆಂಪು ಕಾವಿ ಬಣ್ಣದ ಹಾಯಿ. ಕೂವೆಮರ, ಅಂದರೆ ಹಾಯಿ ಕಟ್ಟುವ ಕಂಬ, ಒಂದೇ. ಅದಕ್ಕೆ ಮೂರು ಹಾಯಿ. ಮೂತಿ ಚೂಪು. ಪಕ್ಕಗಳು ನೀರಿನ ಹತ್ತಿರ ಉಬ್ಬಿಕೊಂಡು, ಮೇಲೆ ಹೋದಂತೆ ಮತ್ತೆ ಒಳಕ್ಕೆ ಬಾಗುತ್ತವೆ. ದೊಡ್ಡ ದೋಣಿಗೆ ಬಾಡ್ ಮೋರ್ ಅನ್ನುತ್ತಾರೆ, 35ರಿಂದ 44 ಅಡಿ ಉದ್ದ. ಅದಕ್ಕಿಂತ ಚಿಕ್ಕದು ಲಾಹ್‌ವಾಡ್. ಆಮೇಲೆ 24ರಿಂದ 28 ಅಡಿಯ ಗ್ಲೋಚೋಗ್. ಪೂಕಾನ್ ಕೂಡ ಹೆಚ್ಚುಕಮ್ಮಿ ಅಷ್ಟೇ ಉದ್ದ, ಆದರೆ ಅದಕ್ಕೆ ಹಾಯಿ ಕಟ್ಟುವ ರೀತಿಯೇ ಬೇರೆ. ನಮಗೆ ಸಿಕ್ಕಿರುವುದು ಗ್ಲೋಚೋಗ್.

ವರ್ಷಗಟ್ಟಲೆ ಗಾಲ್ವೇ ಕೊಲ್ಲಿಯ ಉತ್ತರಕ್ಕಿರುವ ಕಾನೆಮಾರಾದ ಒಂದು ಸಣ್ಣ ಕೊಲ್ಲಿಯ ಕೆಸರಿನಲ್ಲಿ ಬಿದ್ದಿತ್ತು. ಅಡಿಮರ ಇನ್ನೂ ಗಟ್ಟಿ. ಮುಂದಿನ ಮೂತಿಮರವೂ ಪರವಾಗಿಲ್ಲ. ಪಕ್ಕೆಮರಗಳಿಗೆ ಉಳಿ ಚುಚ್ಚಿದರೆ ಬೆಣ್ಣೆಗೆ ಹೋದ ಹಾಗೆ ಹೋಗುತ್ತದೆ. ಹಲಗೆಗಳಲ್ಲಿ ಕಾಲು ಭಾಗ ಉಳಿಸಬಹುದೇನೋ. ಗುಂಪಿನಲ್ಲಿ ಅರ್ಧ ಜನ ಪೂರ್ತಿ ಮರುಕಟ್ಟಿ ನೀರಿಗಿಳಿಸೋಣ ಅನ್ನುತ್ತಾರೆ. ಉಳಿದವರು ಹಾಗೆ ಮಾಡಿದರೆ ಹಳೇ ದೋಣಿಯ ಹೆಸರಿನಲ್ಲಿ ಹೊಸ ದೋಣಿ ಕಟ್ಟಿದ ಹಾಗೆ, ಇದ್ದದ್ದನ್ನು ಇದ್ದ ಹಾಗೇ ಸೂರಿನಡಿ ಇಡೋಣ ಅನ್ನುತ್ತಾರೆ. ನನಗೆ ಎರಡೂ ಸರಿ ಅನ್ನಿಸುತ್ತಿದೆ, ಅದೇ ಕಷ್ಟ.

ಲೆಕ್ಕದಮೇಷ್ಟ್ರು
ಖರ್ಚು ಎಷ್ಟಾಗುತ್ತದೆ ಅನ್ನುವುದನ್ನು ಮೊದಲು ಹೇಳಿ ಸರ್. ಅಡಿಮರ ಬಿಟ್ಟು ಎಲ್ಲ ಬದಲಾಯಿಸುವುದಾದರೆ ಹೊಸದನ್ನೇ ಕಟ್ಟಿಬಿಡಿ. ಹಳೇ ಮರ ಬಿಚ್ಚುವ ಕೂಲಿಯಾದರೂ ಉಳಿಯುತ್ತದೆ.

ಓದುಗಿ
ಈ ದೋಣಿಗಳು ಏನು ಸಾಗಿಸುತ್ತಿದ್ದವು? ಮೀನು ಹಿಡಿಯೋದಕ್ಕಾ, ಸಾಮಾನು ಹೊರೋದಕ್ಕಾ?

ಹಳೇನಕಾಶೆ
ಓದುಗಿ ಮೇಡಂ, ಎರಡಕ್ಕೂ. ಆದರೆ ದೊಡ್ಡ ದೋಣಿಗಳ ಹೊಟ್ಟೆಪಾಡು ನಡೆದದ್ದು ಪೀಟ್‌ನಿಂದ. ಪೀಟ್ ಅಂದರೆ ಜೌಗು ನೆಲದಿಂದ ಇಟ್ಟಿಗೆ ಹಾಗೆ ಕೊಯ್ದು ಬಿಸಿಲಿಗೆ ಒಣಗಿಸುವ ಉರುವಲು.

ಗಾಲ್ವೇ ಕೊಲ್ಲಿಯ ನಕ್ಷೆ ಒಮ್ಮೆ ನೋಡಿ. ಉತ್ತರಕ್ಕೆ ಕಾನೆಮಾರಾ. ಅಲ್ಲಿ ಜೌಗು ನೆಲ ಎಷ್ಟು ಬೇಕಾದರೂ ಇದೆ, ಉರುವಲಿಗೆ ಬರವಿಲ್ಲ. ಕೊಲ್ಲಿಯ ಬಾಯಲ್ಲಿ ಮೂರು ಅರಾನ್ ದ್ವೀಪಗಳು, ದಕ್ಷಿಣಕ್ಕೆ ಬರೆನ್ ಪ್ರದೇಶ. ಇವೆರಡೂ ಬರೀ ಸುಣ್ಣಕಲ್ಲು. ಮರವಿಲ್ಲ, ಪೀಟ್ ಇಲ್ಲ. ಚಳಿಗಾಲದಲ್ಲಿ ಒಲೆ ಉರಿಯಬೇಕು ಅಂದರೆ ಕಾನೆಮಾರಾದಿಂದ ದೋಣಿ ಬರಲೇಬೇಕು. ಬರುವಾಗ ಪೀಟ್. ವಾಪಸ್ ಹೋಗುವಾಗ ಎಷ್ಟೋ ಸಲ ಸುಣ್ಣಕಲ್ಲು. ಅದನ್ನು ಸುಟ್ಟು ಕಾನೆಮಾರಾದ ಹುಳಿಮಣ್ಣಿಗೆ ಹಾಕುತ್ತಿದ್ದರು. ಖಾಲಿ ದೋಣಿ ಗಾಳಿಗೆ ಮಗುಚದ ಹಾಗೆ ಕಲ್ಲಿನ ಭಾರವೂ ಆಯಿತು. ಎರಡು ದಡದ ನೆಲದ ಗುಣ ಬೇರೆ ಬೇರೆಯಾಗಿದ್ದರಿಂದಲೇ ಈ ವ್ಯಾಪಾರ ಅಷ್ಟು ಕಾಲ ನಡೆಯಿತು.

ಗಾಲ್ವೇ ಊರಿನ ಪಕ್ಕದಲ್ಲೇ ಕ್ಲಾಡಾ ಅನ್ನುವ ಮೀನುಗಾರರ ಕೇರಿ ಇತ್ತು. ಕೋಟೆಗೋಡೆಯ ಆಚೆ, ತನ್ನದೇ ಕಟ್ಟುಪಾಡು, ತನ್ನದೇ ಮುಖಂಡ. ಆ ಮುಖಂಡನನ್ನು ಕ್ಲಾಡಾದ ರಾಜ ಅಂತಲೇ ಕರೆಯುತ್ತಿದ್ದರು. ಅಲ್ಲಿನ ಹುಲ್ಲು ಮಾಡಿನ ಮನೆಗಳನ್ನು 1930ರ ದಶಕದಲ್ಲಿ ಕೆಡವಿ ಹೊಸ ಮನೆ ಕಟ್ಟಿಕೊಟ್ಟರು. ಈಗ ಹೋದರೆ ಹಳೇ ಕೇರಿಯ ಗುರುತು ಸಿಗುವುದು ಕಷ್ಟ.

ಆಮೇಲೆ ರಸ್ತೆ ಬಂತು, ಲಾರಿ ಬಂತು. ಸರಕು ಹೊರುವ ಉಗಿ ಹಡಗು ಬಂತು. ಕೊನೆಗೆ ದ್ವೀಪಗಳಿಗೆ ಗ್ಯಾಸ್ ಸಿಲಿಂಡರ್ ಬಂತು. ಪೀಟ್ ಕೇಳುವವರೇ ಇಲ್ಲದ ಮೇಲೆ ದೋಣಿ ಯಾಕೆ? 1970ರ ಹೊತ್ತಿಗೆ ಬಹಳಷ್ಟು ದೋಣಿಗಳು ಕೊಲ್ಲಿಯ ಮೂಲೆ ಮೂಲೆಯಲ್ಲಿ ಕೆಸರು ಸೇರಿದ್ದವು. ಗಾಲ್ವೇಕನ್ನಡಿಗ ಅವರಿಗೆ ಸಿಕ್ಕಿರುವುದೂ ಅಂಥದ್ದೇ ಇರಬೇಕು.

ಬಂದರುಬೀದಿ
ಮಂಗಳೂರಿನವನು ನಾನು. ಪೀಟ್ ಕಥೆ ಓದಿ ನಮ್ಮ ಹಳೇ ಬಂದರಿನ ಮಂಜಿಗಳು, ಅಂದರೆ ಸರಕು ಹೊರುವ ಮರದ ದೋಣಿಗಳು, ನೆನಪಾದವು. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟು ಎಲ್ಲ ಇಲ್ಲಿಂದಲೇ ಮಂಜಿಯಲ್ಲಿ ಹೋಗುವುದು. ದ್ವೀಪದಲ್ಲಿ ಏನಿಲ್ಲವೋ ಅದನ್ನು ದಡದವರು ಒಯ್ಯಬೇಕು. ಈಗ ಎಲ್ಲಕ್ಕೂ ಎಂಜಿನ್ ಇದೆ, ಹಾಯಿ ಇಲ್ಲ.

ಒಂದು ಪ್ರಶ್ನೆ. ಹಾಯಿಯ ಆ ಕೆಂಪು ಬಣ್ಣ ಯಾವುದರಿಂದ ಬರುತ್ತದೆ? ಹತ್ತಿಬಲೆ ಇದ್ದ ಕಾಲದಲ್ಲಿ ನಮ್ಮ ಕಡೆ ಮರದ ತೊಗಟೆ ಕುದಿಸಿದ ನೀರಿನಲ್ಲಿ ಬಲೆ ಅದ್ದುತ್ತಿದ್ದರು ಅಂತ ಹಿರಿಯರು ಹೇಳುತ್ತಾರೆ. ಇಲ್ಲಾಂದ್ರೆ ಬಲೆ ಬೇಗ ಕೊಳೆಯುತ್ತದೆ.

ಗಾಲ್ವೇಕನ್ನಡಿಗ
ಬಂದರುಬೀದಿ ಅವರೇ, ಅದೇ ಉಪಾಯ ಇಲ್ಲೂ. ಹಾಯಿ ಆಗ ಹತ್ತಿಬಟ್ಟೆಯದು. ತೊಗಟೆಯ ಕಷಾಯದಲ್ಲಿ ಅದ್ದಿದರೆ ಬೂಷ್ಟು ಹಿಡಿಯುವುದಿಲ್ಲ. ಬಣ್ಣ ಅದರ ಜೊತೆಗೆ ಬಂದದ್ದು. ಈಗ ಹಾಯಿ ಸಿಂಥೆಟಿಕ್, ಕೊಳೆಯುವ ಭಯವಿಲ್ಲ. ಆದರೂ ಬಣ್ಣ ಮಾತ್ರ ಅದೇ ಇರಬೇಕು ಅಂತ ಎಲ್ಲರೂ ಪಟ್ಟು ಹಿಡಿಯುತ್ತಾರೆ.

ಚಿಕ್ಕಪ್ರಶ್ನೆ
ಇವು ವೈಕಿಂಗ್ ದೋಣಿಯ ವಂಶ ಅಲ್ವಾ? ವೈಕಿಂಗರು ಐರ್ಲೆಂಡಿಗೆ ಬಂದಿದ್ದರಲ್ಲ.

ಮರಗೆಲಸ
ಕಟ್ಟುವ ರೀತಿ ನೋಡಿದರೆ ಇಲ್ಲ ಅನ್ನಬೇಕು. ವೈಕಿಂಗ್ ದೋಣಿಯಲ್ಲಿ ಒಂದು ಹಲಗೆಯ ಅಂಚು ಕೆಳಗಿನ ಹಲಗೆಯ ಮೇಲೆ ಕೂರುತ್ತದೆ, ಹೆಂಚು ಹೊದಿಸಿದ ರೀತಿ. ಮೊದಲು ಹಲಗೆಯ ಮೈ, ಆಮೇಲೆ ಒಳಗಿನ ಪಕ್ಕೆಮರ. ಹೂಕರ್‌ನಲ್ಲಿ ಮೊದಲು ಓಕ್ ಮರದ ಪಕ್ಕೆಗಳನ್ನು ನಿಲ್ಲಿಸಿಕೊಳ್ಳುತ್ತಾರೆ. ಆಮೇಲೆ ಹಲಗೆಗಳನ್ನು ಅಂಚಿಗೆ ಅಂಚು ತಾಗಿಸಿ ಹೊಡೆಯುತ್ತಾರೆ. ಮೈ ನುಣ್ಣಗಿರುತ್ತದೆ. ಹಲಗೆಗೆ ಈಗ ಸಾಮಾನ್ಯವಾಗಿ ಲಾರ್ಚ್ ಮರ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ಗಾಲ್ವೇಕನ್ನಡಿಗ ಸರ್, ದಯವಿಟ್ಟು ಒಂದು ಹಲಗೆಯನ್ನೂ ಈಗಲೇ ಬಿಚ್ಚಬೇಡಿ. ಬಹಳ ಜನ ಉತ್ಸಾಹದಲ್ಲಿ ಮೊದಲ ದಿನವೇ ಕೊಳೆತ ಹಲಗೆ ಕಿತ್ತು ರಾಶಿ ಹಾಕುತ್ತಾರೆ. ಮಾರನೇ ದಿನ ದೋಣಿ ತನ್ನ ಭಾರಕ್ಕೆ ತಾನೇ ಅಗಲಿಸಿಕೊಂಡಿರುತ್ತದೆ. ಆಕಾರ ಹೋಯಿತು ಅಂದರೆ ಹೋಯಿತು. ಹೂಕರ್ ಕಟ್ಟುವ ಮನೆತನದವರು ಕಾಗದದ ನಕ್ಷೆ ಇಟ್ಟುಕೊಂಡು ಕಟ್ಟಿದವರಲ್ಲ. ಕೆಲವು ಮರದ ಅಚ್ಚು, ಮಿಕ್ಕದ್ದು ಕಣ್ಣಂದಾಜು. ಹಾಗಾಗಿ ನಿಮ್ಮ ದೋಣಿಯ ನಕ್ಷೆ ಇರುವುದು ಆ ದೋಣಿಯ ಮೈಯಲ್ಲೇ.

ಮೊದಲ ಕೆಲಸ, ಅಡಿಮರ ನೇರವಾಗಿದೆಯಾ ನೋಡುವುದು. ವರ್ಷಗಟ್ಟಲೆ ಒರಗಿ ಬಿದ್ದ ದೋಣಿಯ ಎರಡು ತುದಿ ಜಗ್ಗಿ ನಡು ಉಬ್ಬಿರುತ್ತದೆ. ಅಡಿಗೆ ದಿಮ್ಮಿ ಕೊಟ್ಟು, ಪಕ್ಕಕ್ಕೆ ಊರೆ ಕೊಟ್ಟು, ವಾರಗಟ್ಟಲೆ ನಿಧಾನಕ್ಕೆ ಸರಿಮಾಡಬೇಕು. ಆತುರಪಟ್ಟರೆ ಮುರಿಯುತ್ತದೆ. ಆಮೇಲೆ ಉದ್ದಕ್ಕೂ ಸಮ ಅಂತರದಲ್ಲಿ ಅಳತೆ ತೆಗೆಯಬೇಕು. ಎರಡು ಪಕ್ಕವನ್ನೂ ಅಳೆಯಿರಿ, ಹಳೇ ದೋಣಿಯ ಎಡಬಲ ಒಂದೇ ಇರುವುದಿಲ್ಲ. ಅಳತೆ ಆದ ಮೇಲೆ ಪ್ಲೈವುಡ್‌ನಲ್ಲಿ ಅಡ್ಡ ಅಚ್ಚು ಕೊಯ್ದು ಒಳಗೆ ಕೂರಿಸಿ.

ಪಕ್ಕೆಮರಗಳನ್ನು ಒಟ್ಟಿಗೆ ತೆಗೆಯಬಾರದು. ಒಂದು ಬಿಟ್ಟು ಒಂದು. ಹೊಸದನ್ನು ಕೂರಿಸಿ ಬಿಗಿ ಮಾಡಿದ ಮೇಲೆ ಪಕ್ಕದ ಹಳೆಯದಕ್ಕೆ ಕೈ ಹಾಕಿ. ಹೊಸ ಪಕ್ಕೆಗೆ ನೇರ ಮರದಿಂದ ಕೊಯ್ದ ತುಂಡು ಬೇಡ. ಬಾಗಿ ಬೆಳೆದ ಕೊಂಬೆ ಹುಡುಕಿ. ಮರದ ಎಳೆ ಬಾಗಿನ ಜೊತೆಗೇ ಓಡಬೇಕು, ಆಗಲೇ ಅದು ಅಲೆಯ ಹೊಡೆತ ತಡೆಯುವುದು.

ಹಲಗೆ ಬಾಗಿಸಲು ಉಗಿಪೆಟ್ಟಿಗೆ ಬೇಕು. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ಗಂಟೆ ಉಗಿ. ಹೊರಗೆ ತೆಗೆದ ಮೇಲೆ ಕೆಲವೇ ನಿಮಿಷ ಸಮಯ. ಅಷ್ಟರೊಳಗೆ ನಾಲ್ಕೈದು ಜನ ಕೈಗವಸು ಹಾಕಿಕೊಂಡು ಎತ್ತಿ, ಮೂತಿಯ ಕಡೆಯಿಂದ ಒತ್ತಿ ಹಿಡಿದು ಕ್ಲ್ಯಾಂಪ್ ಹಾಕಿರಬೇಕು. ತಣ್ಣಗಾದರೆ ಮರ ಮಾತು ಕೇಳುವುದಿಲ್ಲ.

ಓದುಗಿ
ಅಬ್ಬಾ, ಇಷ್ಟೊಂದು ಇದೆಯಾ! ಸಂದಿಗೆ ಏನು ತುಂಬುತ್ತಾರೆ?

ಮರಗೆಲಸ
ಹತ್ತಿಯ ಎಳೆ ಅಥವಾ ಡಾಂಬರು ನೆನೆಸಿದ ಸೆಣಬಿನ ನಾರು. ಮೊಂಡು ಉಳಿ ಇಟ್ಟು ಕೊಡತಿಯಿಂದ ಬಡಿದು ಕೂರಿಸುತ್ತಾರೆ. ನಾರು ಸರಿಯಾಗಿ ಕೂತಾಗ ಕೊಡತಿಯ ಸದ್ದೇ ಬದಲಾಗುತ್ತದೆ, ಟೊಳ್ಳು ಸದ್ದು ಹೋಗಿ ಗಟ್ಟಿ ಸದ್ದು ಬರುತ್ತದೆ. ಪಳಗಿದವರು ನೋಡುವುದೇ ಇಲ್ಲ, ಕೇಳಿಕೊಂಡೇ ಹೋಗುತ್ತಾರೆ. ಜಾಸ್ತಿ ಬಡಿದರೂ ಕಷ್ಟ. ನೀರಿಗಿಳಿದ ಮೇಲೆ ಹಲಗೆ ಉಬ್ಬುತ್ತದಲ್ಲ, ಆಗ ಪಕ್ಕೆಯ ಮೊಳೆಯೇ ಕಿತ್ತು ಬರಬಹುದು.

ಲೆಕ್ಕದಮೇಷ್ಟ್ರು
ಇಷ್ಟೆಲ್ಲ ಓದಿದ ಮೇಲೂ ಕೇಳುತ್ತೇನೆ. ಆಕಾರ ಉಳಿಸುವುದೇ ಮುಖ್ಯ ಅಂದರೆ ಅಳತೆ ತೆಗೆದುಕೊಂಡು ಪಕ್ಕದಲ್ಲಿ ಹೊಸದು ಕಟ್ಟಬಹುದಲ್ಲ? ಹಳೇ ಅಡಿಮರದ ಮೇಲೇ ಯಾಕೆ?

ಕಾರ್ಕ್‌ನಿಂದ
ಐಲೆನ್ ದೋಣಿಯ ಕಥೆ ಇಲ್ಲಿ ಹೇಳಲೇಬೇಕು. ಐರ್ಲೆಂಡಿನ ದಕ್ಷಿಣದಲ್ಲಿ, ಕಾರ್ಕ್ ಜಿಲ್ಲೆಯ ಬಾಲ್ಟಿಮೋರ್ ಅನ್ನುವ ಪುಟ್ಟ ಬಂದರಿನಲ್ಲಿ 1926ರಲ್ಲಿ ಕಟ್ಟಿದ್ದು. 56 ಅಡಿ, ಎರಡು ಕೂವೆ. ರೂಪಿಸಿದವರು ಕೊನರ್ ಓಬ್ರಿಯನ್.

ಇವರು ಲಿಮೆರಿಕ್ ಕಡೆಯವರು, ವೃತ್ತಿಯಿಂದ ವಾಸ್ತುಶಿಲ್ಪಿ. ಸೀರ್ಶಾ ಅನ್ನುವ 42 ಅಡಿಯ ದೋಣಿಯನ್ನು ಅದೇ ಬಾಲ್ಟಿಮೋರಿನಲ್ಲಿ ಕಟ್ಟಿಸಿ 1923ರಿಂದ 1925ರವರೆಗೆ ಭೂಮಿ ಸುತ್ತಿ ಬಂದರು. ಆಗಷ್ಟೇ ಸ್ವತಂತ್ರವಾದ ಐರ್ಲೆಂಡಿನ ಬಾವುಟ ಹಾರಿಸಿಕೊಂಡು, ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ದಾಟಿ. ದಾರಿಯಲ್ಲಿ ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ ದ್ವೀಪದಲ್ಲಿ ತಂಗಿದ್ದರು. ಅಲ್ಲಿನವರಿಗೆ ಸೀರ್ಶಾ ಎಷ್ಟು ಹಿಡಿಸಿತು ಅಂದರೆ, ದ್ವೀಪದಿಂದ ದ್ವೀಪಕ್ಕೆ ಸಾಮಾನು ಸಾಗಿಸಲು ಇಂಥದ್ದೇ ದೊಡ್ಡದೊಂದು ಬೇಕು ಅಂದರು. ಹಾಗೆ ಹುಟ್ಟಿದ್ದು ಐಲೆನ್. ಓಬ್ರಿಯನ್ ಅವರೇ ಕೇಪ್ ಕ್ಲಿಯರ್ ದ್ವೀಪದ ಇಬ್ಬರು ನಾವಿಕರನ್ನು ಕರೆದುಕೊಂಡು ಅಷ್ಟು ದೂರ ನಡೆಸಿಕೊಂಡು ಹೋಗಿ ಒಪ್ಪಿಸಿದರು. ಆಮೇಲೆ ದಶಕಗಟ್ಟಲೆ ಅದು ಅಲ್ಲಿ ಕುರಿ, ಜನ, ಸಾಮಾನು ಹೊತ್ತಿತು.

1997ರಲ್ಲಿ ಲಿಮೆರಿಕ್‌ನ ಗ್ಯಾರಿ ಮ್ಯಾಕ್‌ಮಾನ್ ಅದನ್ನು ಐರ್ಲೆಂಡಿಗೆ ವಾಪಸ್ ತರಿಸಿದರು. ಸ್ಕಿಬರೀನ್ ಹತ್ತಿರದ ಓಲ್ಡ್‌ಕೋರ್ಟ್‌ನಲ್ಲಿ, ಲಿಯಾಮ್ ಹೆಗಾರ್ಟಿ ಅವರ ದೋಣಿ ಅಂಗಳದಲ್ಲಿ ಮೈಯ ಕೆಲಸ. ಕೂವೆ, ಮೇಲಿನ ಕೋಣೆಯಂಥ ಕೆಲಸಗಳು ಲಿಮೆರಿಕ್‌ನ ಮರಗೆಲಸ ಶಾಲೆಯಲ್ಲಿ. ಮತ್ತೆ ನೀರಿಗಿಳಿದದ್ದು 2018ರಲ್ಲಿ. 2019ರಲ್ಲಿ ಲಿಮೆರಿಕ್‌ನಿಂದ ಗ್ರೀನ್‌ಲ್ಯಾಂಡಿಗೆ ಹೋಗಿ ಬಂತು.

ಲೆಕ್ಕದಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಬರೀ ನಕ್ಷೆ ಹಿಡಿದು ಹೊಸ ದೋಣಿ ಕಟ್ಟೋಣ ಅಂದಿದ್ದರೆ ಅಷ್ಟು ವರ್ಷ ಜನ ಕೈಜೋಡಿಸುತ್ತಿದ್ದರಾ? ಕೆಲಸ ಕಲಿಯಲು ಬಂದವರು ಹಳೇ ಹಲಗೆಯಲ್ಲಿ ಬಾಚಿ ಬಿದ್ದ ಗುರುತು ನೋಡುತ್ತಾ ಕಲಿತರು. ಹಿಂದಿನವನು ಕೀಲು ಹೇಗೆ ಕೂರಿಸಿದ್ದ, ಎಲ್ಲಿ ಒದ್ದಾಡಿದ್ದ, ಎಲ್ಲ ಬಿಚ್ಚುವಾಗ ಕಾಣುತ್ತದೆ. ನಕ್ಷೆಯಲ್ಲಿ ಅದು ಇರುವುದಿಲ್ಲ.

ಸೂರಿನಡಿ
ನಾನು ಗಟ್ಟಿಯಾಗಿ ಒಪ್ಪುವುದಿಲ್ಲ. ಬಿಚ್ಚುವಾಗ ಕಾಣುತ್ತದೆ ಅಂದಿರಿ. ಬಿಚ್ಚಿದ ಮೇಲೆ ಆ ಗುರುತು ಎಲ್ಲಿಗೆ ಹೋಗುತ್ತದೆ? ಒಲೆಗೆ! ಮುಂದಿನವರು ನೋಡಲು ಏನೂ ಉಳಿಯುವುದಿಲ್ಲ.

ಆಸ್ಗಾರ್ಡ್ ನೋಡಿ. 1905ರಲ್ಲಿ ನಾರ್ವೆಯಲ್ಲಿ ಕಾಲಿನ್ ಆರ್ಚರ್ ಕಟ್ಟಿದ ದೋಣಿ. 1914ರ ಜುಲೈ 26ರಂದು ಡಬ್ಲಿನ್ ಹತ್ತಿರದ ಹೌತ್ ಬಂದರಿಗೆ ಸ್ವಯಮಾಡಳಿತಕ್ಕಾಗಿ ಕಟ್ಟಿದ ಐರಿಷ್ ಸ್ವಯಂಸೇವಕರ ಪಡೆಗೆ 900 ಬಂದೂಕು ತಂದದ್ದು ಅದೇ. ಮೇಲೆ ಹೇಳಿದ ಕೊನರ್ ಓಬ್ರಿಯನ್ ಕೂಡ ತಮ್ಮ ಕೆಲ್ಪಿ ದೋಣಿಯಲ್ಲಿ ಅದೇ ಕೆಲಸಕ್ಕೆ ಹೋಗಿದ್ದರು. ಆಸ್ಗಾರ್ಡನ್ನು ಮತ್ತೆ ಸಮುದ್ರಕ್ಕಿಳಿಸಬೇಕು ಅಂತ ಬಹಳ ಜನ ಕೇಳಿದರು. ಹಾಗೆ ಮಾಡಬೇಕಾದರೆ ಸಾಕಷ್ಟು ಮರ ಬದಲಾಯಿಸಬೇಕಿತ್ತು. ಕೊನೆಗೆ ಸಂರಕ್ಷಣೆಯೇ ಸರಿ ಅಂತ ತೀರ್ಮಾನಿಸಿ, ಜಾನ್ ಕಿಯರನ್ ನೇತೃತ್ವದಲ್ಲಿ 2007ರಿಂದ ವರ್ಷಗಟ್ಟಲೆ ಕೆಲಸ ಮಾಡಿದರು. ಆದಷ್ಟು ಹಳೇ ಮರವನ್ನೇ ಉಳಿಸಿಕೊಂಡರು. 2012ರಿಂದ ಡಬ್ಲಿನ್‌ನ ಕಾಲಿನ್ಸ್ ಬ್ಯಾರಕ್ಸ್ ಮ್ಯೂಸಿಯಂನಲ್ಲಿದೆ. ಬಂದೂಕು ಹೊತ್ತ ಅದೇ ಹಲಗೆಯ ಎದುರು ನೀವು ಹೋಗಿ ನಿಲ್ಲಬಹುದು. ಐಲೆನ್ ಎದುರು ನಿಂತು ಹಾಗೆ ಹೇಳಲಾಗುತ್ತದೆಯೇ?

ಕಾರ್ಕ್‌ನಿಂದ
ಆಸ್ಗಾರ್ಡ್ ವಿಷಯ ಬೇರೆ ಸರ್. ಅದರ ಬೆಲೆ ಒಂದು ದಿನದ ಘಟನೆಯಲ್ಲಿದೆ. ಹೂಕರ್‌ನ ಬೆಲೆ ದಿನಾ ಮಾಡಿದ ಕೆಲಸದಲ್ಲಿದೆ. ಗಾಳಿಗೆ ಎದುರಾಗಿ ತಿರುಗಿಸುವುದು, ವಿಂಚ್ ಇಲ್ಲದೆ ಬರೀ ಹಗ್ಗ ರಾಟೆಯಲ್ಲಿ ಅಷ್ಟು ದೊಡ್ಡ ಹಾಯಿ ಏರಿಸುವುದು, ಇವನ್ನು ಮ್ಯೂಸಿಯಂನಲ್ಲಿಟ್ಟು ಕಲಿಸಲು ಆಗುವುದಿಲ್ಲ.

ಹಳೇನಕಾಶೆ
ಗಾಲ್ವೇ ನಗರದ ಮ್ಯೂಸಿಯಂನಲ್ಲೂ ಒಂದು ಹೂಕರ್ ಛಾವಣಿಯಿಂದ ತೂಗುಬಿಟ್ಟಿದ್ದಾರೆ, ಹಾಯಿ ಸಮೇತ. ಅದಕ್ಕೆ ಕ್ಲಾಡಾದ ರಾಜರಲ್ಲಿ ಒಬ್ಬರಾದ ಮಾರ್ಟಿನ್ ಆಲಿವರ್ ಹೆಸರು. ಅದು ಹಳೇ ದೋಣಿಯಲ್ಲ, ಮ್ಯೂಸಿಯಂಗೆಂದೇ ಕಟ್ಟಿದ್ದು. ಅಂದರೆ ನೋಡಲು ಹೊಸದು, ಓಡಿಸಲು ಹಳೆಯದು. ನನಗೆ ಇದು ತುಂಬಾ ಸರಿ ಅನ್ನಿಸಿತು.

ಇನ್ನೊಂದು ಮಾತು. ಹೂಕರ್ ಮತ್ತೆ ಚಿಗುರಿದ್ದು ಜನ ಅವನ್ನು ಓಡಿಸಿದ್ದರಿಂದ. 1970ರ ದಶಕದಲ್ಲಿ ಕೆಲವರು ಕೆಸರಿನಿಂದ ದೋಣಿ ಎತ್ತಿ ಕಟ್ಟಲು ಶುರುಮಾಡಿದರು. 1978ರಲ್ಲಿ ಹೂಕರ್ ಸಂಘ ಆಯಿತು. 1979ರಲ್ಲಿ ಕಿನ್‌ವಾರಾ ಊರಿನಲ್ಲಿ ಕ್ರುನ್ಯೂ ನ ಮಾಡ್ ಅನ್ನುವ ದೋಣಿ ಮೇಳ ಶುರುವಾಯಿತು. ಈಗಲೂ ಪ್ರತಿ ಆಗಸ್ಟ್‌ನಲ್ಲಿ ಪೀಟ್ ಹೇರಿಕೊಂಡು ಹೂಕರ್‌ಗಳು ಅಲ್ಲಿಗೆ ಬರುತ್ತವೆ. 1986ರಲ್ಲಿ ಪ್ಯಾಡಿ ಬ್ಯಾರಿ ಸೇಂಟ್ ಪ್ಯಾಟ್ರಿಕ್ ಅನ್ನುವ ಹೂಕರ್‌ನಲ್ಲಿ ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಹೋದರು. ಪೀಟ್ ಸಾಗಿಸುವ ದೋಣಿಯಲ್ಲಿ! ಎಲ್ಲವನ್ನೂ ಸೂರಿನಡಿ ಇಟ್ಟಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಸೂರಿನಡಿ
ಎಲ್ಲವನ್ನೂ ಇಡಿ ಅಂತ ನಾನು ಹೇಳಲಿಲ್ಲ. ತೇಲುವ ಹೂಕರ್‌ಗಳು ಈಗ ಸಾಕಷ್ಟಿವೆ. ಮುಟ್ಟದೆ ಉಳಿದ ಹಳೆಯವು ಎಷ್ಟಿವೆ? ಅದನ್ನು ಯೋಚಿಸಿ ಅಂತ ಹೇಳಿದೆ.

ಶಿರಸಿಯಿಂದ
ನಮ್ಮೂರ ಕಡೆ ತೇರಿನ ವಿಷಯದಲ್ಲಿ ಈ ಜಗಳ ಯಾವತ್ತೂ ಆಗುವುದಿಲ್ಲ. ಗಾಲಿ ಬಿರುಕು ಬಿಟ್ಟರೆ ಹೊಸ ಗಾಲಿ. ಅಚ್ಚುಮರ ಹೋದರೆ ಹೊಸ ಅಚ್ಚು. ಕೆಲವು ಕಡೆ ಇಡೀ ತೇರೇ ಹೊಸದು. ಆದರೂ ಎಳೆಯುವವರಿಗೆ ಅದು ಅದೇ ತೇರು, ಯಾಕೆಂದರೆ ಅದು ಪ್ರತಿವರ್ಷ ಬೀದಿಗೆ ಬರುತ್ತದೆ. ಎಳೆಯದೆ ನಿಲ್ಲಿಸಿದ ತೇರನ್ನು ಗೆದ್ದಲು ತಿನ್ನುತ್ತದೆ, ಅಷ್ಟೇ. ನನ್ನ ಮತ ನೀರಿಗಿಳಿಸುವುದಕ್ಕೆ.

ಸೂರಿನಡಿ
ತೇರಿನಲ್ಲಿ ದೇವರು ಕೂರುತ್ತಾನೆ, ಹಾಗಾಗಿ ಮರ ಹೊಸದಾದರೂ ನಡೆಯುತ್ತದೆ. ದೋಣಿಯಲ್ಲಿ ಮರವೇ ಸಾಕ್ಷಿ.

ಶಿರಸಿಯಿಂದ
ಅಲ್ಲೂ ಹಾಗೇ ಇದೆಯಲ್ಲ! ಮಕ್‌ದಾರಾ ಅಂತ ಒಬ್ಬ ಸಂತನ ದ್ವೀಪ ಕಾನೆಮಾರಾದ ಹತ್ತಿರ ಇದೆ. ಅದರ ಮುಂದೆ ಹಾದುಹೋಗುವ ದೋಣಿಗಳು ಗೌರವಕ್ಕೆ ಮೂರು ಸಲ ಹಾಯಿ ಇಳಿಸಿ ಏರಿಸುವ ಪದ್ಧತಿ. ಜುಲೈ 16ರಂದು ಅಲ್ಲಿ ಹಬ್ಬ. ದೋಣಿ ಬರೀ ಮರ ಅಂತ ಅಲ್ಲಿಯವರು ಅಂದುಕೊಂಡಿಲ್ಲ.

ಕಡಲಮೀನು
ವಿಷಯ ಸ್ವಲ್ಪ ಆಚೆ ಹೋದರೂ ಪರವಾಗಿಲ್ಲ. ಐರಿಷ್ ನಾವಿಕರು ಅಂದ ತಕ್ಷಣ ನನಗೆ ನೆನಪಾಗುವುದು 2018ರ ಗೋಲ್ಡನ್ ಗ್ಲೋಬ್ ರೇಸ್, ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತುವ ಸ್ಪರ್ಧೆ. ನಮ್ಮ ಅಭಿಲಾಷ್ ಟೋಮಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಸಿಕ್ಕಿ, ಕೂವೆ ಮುರಿದು, ಬೆನ್ನಿಗೆ ಪೆಟ್ಟಾಗಿ ಏಳಲಾಗದೆ ಮಲಗಿದ್ದರು. ಐರ್ಲೆಂಡಿನ ಗ್ರೆಗರ್ ಮೆಗಕಿನ್ ಅವರ ಕೂವೆಯೂ ಅದೇ ಬಿರುಗಾಳಿಯಲ್ಲಿ ಮುರಿದಿತ್ತು. ಆದರೂ ಅವರು ಮುರಿದ ತುಂಡುಗಳಿಂದಲೇ ಒಂದು ತಾತ್ಕಾಲಿಕ ಹಾಯಿ ಕಟ್ಟಿಕೊಂಡು ಟೋಮಿಯ ಕಡೆಗೆ ಹೊರಟರು. ಕೊನೆಗೆ ಫ್ರಾನ್ಸಿನ ಓಸಿರಿಸ್ ಹಡಗು ಬಂದು ಇಬ್ಬರನ್ನೂ ಕಾಪಾಡಿತು. ಟೋಮಿಯ ತುರಿಯಾ ದೋಣಿ ಗೋವಾದಲ್ಲಿ ಕಟ್ಟಿದ್ದು, ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿ ಬಂದ ಸುಹೈಲಿ ದೋಣಿಯ ಮಾದರಿಯಲ್ಲಿ. ಆ ಮೂಲ ಸುಹೈಲಿ ಮುಂಬೈಯಲ್ಲಿ ತೇಗದ ಮರದಿಂದ ಕಟ್ಟಿದ್ದು.

ಓದುಗಿ
ಕಡಲಮೀನು, ಇದು ಗೊತ್ತಿರಲಿಲ್ಲ. ಓದಿ ಕಣ್ಣು ತುಂಬಿ ಬಂತು.

ಕಾರವಾರದವ
ನಮ್ಮ ಕಾರವಾರದ ನೌಕಾನೆಲೆಯಲ್ಲಿ 2025ರ ಮೇ ತಿಂಗಳಲ್ಲಿ ಕೌಂಡಿನ್ಯ ಹಡಗನ್ನು ನೌಕಾಪಡೆಗೆ ಸೇರಿಸಿದರು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದ ಹಡಗು. ಅದಕ್ಕೆ ಹಳೇ ಹಡಗೂ ಇರಲಿಲ್ಲ, ನಕ್ಷೆಯೂ ಇರಲಿಲ್ಲ, ಅಜಂತಾದ ಒಂದು ಚಿತ್ರ ಬಿಟ್ಟರೆ. ಕಟ್ಟುವ ಕೈಗಳು ಕೇರಳದಲ್ಲಿ ಉಳಿದಿದ್ದವು, ಹಾಗಾಗಿ ಆಯಿತು. ಕೈ ಉಳಿಯದಿದ್ದರೆ ಚಿತ್ರ ಇಟ್ಟುಕೊಂಡು ಏನು ಮಾಡುವುದು? ಗಾಲ್ವೇಕನ್ನಡಿಗ ಅವರೇ, ನಿಮ್ಮಲ್ಲಿ ಹೂಕರ್ ಕಟ್ಟಿ ಗೊತ್ತಿರುವ ಹಿರಿಯರು ಇದ್ದಾರಾ? ಅವರು ಇರುವಾಗಲೇ ಕಟ್ಟಿಬಿಡಿ. ಹಳೇ ಮರ ಇನ್ನೂ ಹತ್ತು ವರ್ಷ ಕಾಯಬಹುದು, ಹಿರಿಯರು ಕಾಯಲಾರರು.

ಮರಗೆಲಸ
ಕಾರವಾರದವ ಹೇಳಿದ್ದು ನೂರಕ್ಕೆ ನೂರು ನಿಜ. ಆದರೆ ಹಳೇ ಮರವೂ ತಾನಾಗಿ ಕಾಯುವುದಿಲ್ಲ. ಉಪ್ಪುನೀರು ಮರವನ್ನು ಕಾಪಾಡುತ್ತದೆ, ಮಳೆನೀರು ಕೊಳೆಸುತ್ತದೆ. ಕೆಸರಿನಿಂದ ಎತ್ತಿ ಬಯಲಲ್ಲಿಟ್ಟ ದಿನದಿಂದ ಮಳೆನೀರು ಒಳಗೆ ನಿಲ್ಲುತ್ತದೆ. ಗಾಲ್ವೇ ಮಳೆ ಗೊತ್ತಲ್ಲ! ಮೊದಲು ಮೇಲೊಂದು ತಾಡಪತ್ರಿ, ಕೆಳಗೆ ಗಾಳಿ ಆಡಲು ಜಾಗ. ಬೇಗ ಒಣಗಿಸಲೂ ಹೋಗಬೇಡಿ, ಓಕ್ ಸೀಳುತ್ತದೆ.

ಡೆನ್ಮಾರ್ಕ್‌ಓದು
ಮೂರನೇ ದಾರಿಯೊಂದಿದೆ. 1962ರಲ್ಲಿ ಡೆನ್ಮಾರ್ಕಿನ ರೋಸ್ಕಿಲ್ಡೆ ಕೊಲ್ಲಿಯ ತಳದಿಂದ ಐದು ವೈಕಿಂಗ್ ಹಡಗುಗಳ ಅವಶೇಷ ಎತ್ತಿದರು. ಅದರಲ್ಲೊಂದರ ಮರದ ಉಂಗುರ ಎಣಿಸಿ ನೋಡಿದರೆ, ಅದು ಡಬ್ಲಿನ್ ಹತ್ತಿರದ ಓಕ್. 1042ರ ಸುಮಾರಿಗೆ ಕಟ್ಟಿದ್ದು. ಮೂಲ ಹಲಗೆಗಳನ್ನು ಮ್ಯೂಸಿಯಂನಲ್ಲಿ ಹಾಗೇ ಇಟ್ಟರು. ಅದೇ ಅಳತೆಗೆ, ಅಂಥದ್ದೇ ಉಪಕರಣಗಳಿಂದ ಸುಮಾರು 30 ಮೀಟರಿನ ಹೊಸ ಹಡಗು ಕಟ್ಟಿದರು. 2007ರಲ್ಲಿ ಅದು ರೋಸ್ಕಿಲ್ಡೆಯಿಂದ ಡಬ್ಲಿನ್‌ಗೆ ಸಮುದ್ರದಲ್ಲೇ ಹೋಯಿತು, ಮರುವರ್ಷ ವಾಪಸ್ ಬಂತು. ಹಳೆಯದಕ್ಕೆ ಕೈ ಹಚ್ಚಲಿಲ್ಲ, ಕಟ್ಟುವ ವಿದ್ಯೆಯೂ ಕೈಗೆ ಬಂತು. ಲೆಕ್ಕದಮೇಷ್ಟ್ರು ಮೊದಲೇ ಹೇಳಿದ್ದು ಇದನ್ನೇ.

ಲೆಕ್ಕದಮೇಷ್ಟ್ರು
ಅದನ್ನೇ ಹೇಳಿದ್ದು. ಆದರೆ ಅದಕ್ಕೆ ಒಂದು ದೇಶದ ಮ್ಯೂಸಿಯಂನ ಬಲ ಇತ್ತು. ಶನಿವಾರದ ಗುಂಪಿಗೆ ಎರಡು ದೋಣಿಯ ಖರ್ಚು ಕಷ್ಟ. ಒಂದನ್ನೇ ಆರಿಸಬೇಕು ಅಂದರೆ, ಕಾರವಾರದವರ ಮಾತು ಓದಿದ ಮೇಲೆ ನನ್ನ ಮತ ಕಟ್ಟುವುದಕ್ಕೇ.

ಗಾಲ್ವೇಕನ್ನಡಿಗ
ಎಲ್ಲರಿಗೂ ಧನ್ಯವಾದ. ನಿಮ್ಮ ಮಾತುಗಳನ್ನು ಗುಂಪಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅಳತೆ ಮುಗಿಯುವ ತನಕ ಒಂದು ಮೊಳೆಯನ್ನೂ ಕೀಳುವುದಿಲ್ಲ ಅಂತ ಎರಡು ಕಡೆಯವರೂ ಒಪ್ಪಿದರು. ತಾಡಪತ್ರಿ ಆಗಲೇ ಬಿತ್ತು. ಗುಂಪಿನಲ್ಲಿ ಎಂಬತ್ತು ದಾಟಿದ ಒಬ್ಬ ಬಡಗಿ ಅಜ್ಜ ಇದ್ದಾರೆ, ಚಿಕ್ಕಂದಿನಲ್ಲಿ ಅಪ್ಪನ ಜೊತೆ ಹೂಕರ್ ಕಟ್ಟಿದವರು. ಅವರು ದೋಣಿಯ ಸುತ್ತ ಒಂದು ಸುತ್ತು ಬಂದು, ಹಿಂಭಾಗದ ಹಲಗೆಯ ಒಂದು ಕೀಲಿನ ಮೇಲೆ ಬೆರಳಿಟ್ಟು, ಇದನ್ನು ಇಂಥ ಊರಿನವರೇ ಹೀಗೆ ಕೂರಿಸುತ್ತಿದ್ದರು ಅಂದರು. ನಮ್ಮಲ್ಲಿ ಯಾರಿಗೂ ಅದು ಕಂಡಿರಲಿಲ್ಲ.

ನನ್ನ ಮನಸ್ಸು ಈಗ ಮರುಕಟ್ಟುವ ಕಡೆಗೇ ಇದೆ. ಆದರೆ ಸೂರಿನಡಿ ಅವರ ಮಾತನ್ನು ಬಿಡುವುದಿಲ್ಲ. ತೆಗೆದ ಪ್ರತಿ ಪಕ್ಕೆಗೂ ನಂಬರು ಹಾಕಿ, ಫೋಟೋ ತೆಗೆದು ಇಡುತ್ತೇವೆ. ಹಿಂಭಾಗದ ಆ ಹಲಗೆಗಳನ್ನು ಕೀಲಿನ ಸಮೇತ ಹಾಗೇ ಉಳಿಸಿ ಗೋಡೆಗೆ ಹಾಕುತ್ತೇವೆ.

ಸೂರಿನಡಿ
ಅಷ್ಟು ಮಾಡಿದರೆ ನನ್ನದೇನೂ ತಕರಾರಿಲ್ಲ. ಒಲೆಗೆ ಮಾತ್ರ ಹಾಕಬೇಡಿ. ಮೊಳೆಗಳನ್ನೂ ಇಟ್ಟುಕೊಳ್ಳಿ, ಯಾವ ಕಾಲದ ಕಬ್ಬಿಣ ಅಂತ ತಿಳಿದವರು ಹೇಳಬಹುದು.

ಬಂದರುಬೀದಿ
ಅಜ್ಜನ ಮಾತು ರೆಕಾರ್ಡ್ ಮಾಡಿಕೊಳ್ಳಿ ಸರ್. ಫೋನಿನಲ್ಲೇ ಸಾಕು.

ಮರಗೆಲಸ
ಮಾತಿಗಿಂತ ಕೈ ವಿಡಿಯೋ ಮಾಡಿ. ಬಾಚಿ ಹಿಡಿಯುವ ಕೋನ ಮಾತಿನಲ್ಲಿ ಬರುವುದಿಲ್ಲ.

ಓದುಗಿ
ನನ್ನ ತಂಗಿ ಡಬ್ಲಿನ್‌ನಲ್ಲಿದ್ದಾಳೆ, ಆಗಸ್ಟ್‌ನಲ್ಲಿ ನಾನು ಹೋಗುತ್ತಿದ್ದೇನೆ. ಕಿನ್‌ವಾರಾದ ಮೇಳಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಗಾಲ್ವೇಕನ್ನಡಿಗ
ಖಂಡಿತ ಬನ್ನಿ ಮೇಡಂ. ಆದರೆ ಭರತದ ಹೊತ್ತು ನೋಡಿಕೊಂಡು ಬನ್ನಿ. ಇಳಿತದಲ್ಲಿ ಕಿನ್‌ವಾರಾದ ಧಕ್ಕೆಯ ಬುಡ ಬರೀ ಕೆಸರು, ದೋಣಿ ಒಳಗೆ ಬರುವುದಿಲ್ಲ. ನೀರೇರುವ ಒಂದು ಗಂಟೆ ಮೊದಲೇ ಬಂದು ಜಾಗ ಹಿಡಿಯಿರಿ. ಮಳೆ ಕೋಟು ಮರೆಯಬೇಡಿ. ದಿನ ಗೊತ್ತಾದ ಮೇಲೆ ಇಲ್ಲೇ ತಿಳಿಸಿ, ನಾನೂ ಬರುತ್ತೇನೆ.